ಒಳಗೆ ಬಟ್ಟೆ ಬಿಡದ ಕೋಟು

ಹೊಲಿಗೆ ಅಂಗಡಿ,
ನವೆಂಬರ್ ಹದಿನಾಲ್ಕು, ಮಧ್ಯಾಹ್ನ

ಪ್ರೀತಿಯ ಮಗನಿಗೆ,

ನಿನ್ನ ಅಪ್ಪ ಮನಸಾರೆ ಹರಸಿ ಬರೆಯುವುದು. ನಾವಿಲ್ಲಿ ಎಲ್ಲರೂ ಕ್ಷೇಮ. ಈ ಒಂದು ಮಾತು ಬರೆಯಲು ಕಳೆದ ವಾರ ಕೈ ಬರಲಿಲ್ಲ, ಅದಕ್ಕೇ ಪತ್ರ ತಡವಾಯಿತು. ಇವತ್ತು ಧೈರ್ಯವಾಗಿ ಬರೆಯಬಹುದು ಎನ್ನಿಸಿ ಕುಳಿತೆ. ಫೋನಿನಲ್ಲಿ ನಾನು ಮೂರು ಮಾತಿಗೆ ಮುಗಿಸಿ ಇಟ್ಟುಬಿಡುತ್ತೇನೆ ಎಂದು ನೀನು ನಗುತ್ತೀಯ. ನಿಜವೇ. ಫೋನು ಕಿವಿಗೆ ಹಿಡಿದರೆ ಯಾರೋ ಎದುರಿಗೆ ನಿಂತು ಬೇಗ, ಬೇಗ ಎಂದು ಅವಸರ ಮಾಡಿದ ಹಾಗಾಗುತ್ತದೆ. ಕಾಗದ ಹಾಗಲ್ಲ. ನಿನ್ನ ಹಡಗು ಮುಂದಿನ ಬಂದರು ಮುಟ್ಟುವ ಹೊತ್ತಿಗೆ ಇದು ಏಜೆಂಟರ ಕಚೇರಿಯಲ್ಲಿ ಕಾದಿರುತ್ತದೆ. ಎಂಜಿನ್ ಕೋಣೆಯ ಎಣ್ಣೆ ಕೈ ತೊಳೆದುಕೊಂಡು ನಿಧಾನವಾಗಿ ಓದು.

ನೀನು ಎರಡು ವಿಷಯ ಕೇಳಿದ್ದೆ. ಒಂದು, ನಿನ್ನ ಹೆಂಡತಿ ಹೇಗಿದ್ದಾಳೆ, ಮುಚ್ಚಿಡದೆ ಹೇಳಿ ಎಂದು. ಇನ್ನೊಂದು, ಅವಳು ಎರಡು ತಿಂಗಳಿಂದ ಒಂದು ಫೋಟೊ ಕೂಡ ಯಾಕೆ ಕಳಿಸಿಲ್ಲ ಎಂದು. ಮೊದಲನೆಯದಕ್ಕೆ ಇಡೀ ಪತ್ರ ಬೇಕು. ಎರಡನೆಯದಕ್ಕೆ ಕೊನೆಯಲ್ಲಿ ಬರುತ್ತೇನೆ.

ಇದೆಲ್ಲ ನಿನ್ನ ಅಮ್ಮ ಬರೆಯಬೇಕಾದ ಸಮಾಚಾರ. ಅವಳಿಲ್ಲದ ಮನೆಯಲ್ಲಿ ಬಸುರಿ ಸೊಸೆಯ ಸುದ್ದಿ ಬರೆಯುವ ಕೆಲಸ ಒಬ್ಬ ದರ್ಜಿಯ ಪಾಲಿಗೆ ಬಂದಿದೆ. ನನಗೆ ಬರುವುದು ಬಟ್ಟೆಯ ಭಾಷೆ ಒಂದೇ. ಅದರಲ್ಲೇ ಹೇಳುತ್ತೇನೆ.

ನಮ್ಮ ಅಂಗಡಿಯ ರೀತಿ ನಿನಗೆ ಗೊತ್ತು. ವಕೀಲರಿಗೂ ನ್ಯಾಯಾಧೀಶರಿಗೂ ಕರಿ ಕೋಟು ಹೊಲಿಯುವ ಜಾಗ ಇದು. ಹೊಲಿಯುವಾಗ ಪಕ್ಕದ ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಹೆಚ್ಚಿಗೆ ಬಿಟ್ಟಿರುತ್ತೇವೆ. ಗಿರಾಕಿ ವರ್ಷ ಕಳೆದು ದಪ್ಪಗಾಗಿ ಬಂದರೆ ಬಾಯಿ ಬಿಡುವುದಿಲ್ಲ. ಇಸ್ತ್ರಿ ಮಾಡಿಕೊಡುತ್ತೇವೆ ಎಂದು ಕೋಟು ಇಸಿದುಕೊಂಡು, ಒಳಗಿನ ಹೊಲಿಗೆ ಬಿಚ್ಚಿ, ಸಡಿಲಿಸಿ ವಾಪಸು ಕೊಡುತ್ತೇವೆ. ನಮ್ಮ ದೊಡ್ಡ ನ್ಯಾಯಾಧೀಶರು ಇವತ್ತಿಗೂ ತಮ್ಮ ಮೈ ಕಾಲೇಜು ದಿನಗಳಲ್ಲಿ ಹೇಗಿತ್ತೋ ಹಾಗೇ ಇದೆ ಎಂದು ಎಲ್ಲರೆದುರು ಹೇಳುತ್ತಾರೆ, ಸಾಕ್ಷಿಗೆ ನಮ್ಮ ಕೋಟನ್ನೇ ತೋರಿಸುತ್ತಾರೆ. ಊರಿನವರ ಸುಳ್ಳೆಲ್ಲ ಹಿಡಿಯುವ ಮನುಷ್ಯ ನಮ್ಮ ಸುಳ್ಳೊಂದನ್ನು ಹಿಡಿದಿಲ್ಲ.

ಈ ರೀತಿ ಎಷ್ಟು ಕೈಗೆ ಅಂಟಿಹೋಗಿತ್ತು ಎಂದರೆ, ಅದು ಮನೆಯವಳ ಮೇಲೂ ನಡೆದುಬಿಟ್ಟಿತು.

ಮೊದಲ ತಿಂಗಳುಗಳಲ್ಲಿ ಅವಳ ಹೊಟ್ಟೆಯಲ್ಲಿ ನೀರೂ ನಿಲ್ಲುತ್ತಿರಲಿಲ್ಲ, ನೀನು ಇದ್ದಾಗಲೇ ನೋಡಿದ್ದೆ. ನೀನು ಹಡಗು ಹತ್ತಿದ ಮೇಲೆ ವಾಂತಿ ನಿಂತಿತು, ಹಸಿವು ಶುರುವಾಯಿತು. ನಮಗೆಲ್ಲ ಹೋದ ಜೀವ ಬಂದ ಹಾಗಾಯಿತು. ಕಾಜಾ, ಗುಂಡಿ ನೋಡಿಕೊಳ್ಳುವ ನಮ್ಮ ಗುಂಡಿಯಕ್ಕ ದಿನಾ ಡಬ್ಬಿಯಲ್ಲಿ ಕರಿದದ್ದು ತಂದಳು. ಇಸ್ತ್ರಿಯಣ್ಣ ಬರುವ ದಾರಿಯಲ್ಲಿ ಬೇಕರಿಗೆ ನುಗ್ಗಿ ಕೆನೆ ತುಂಬಿದ ಬನ್ನು ತಂದ. ನಾನು ಏನು ಕಮ್ಮಿ, ಸಂಜೆ ಹಾಲಿಗೆ ಸಕ್ಕರೆ ಸುರಿದು ಲೋಟ ಕೈಗಿಡುತ್ತಿದ್ದೆ. ಎರಡು ಜೀವಕ್ಕೆ ತಿನ್ನಬೇಕು ಕಣೇ ಎಂದು ಗುಂಡಿಯಕ್ಕ ಹೇಳುವಳು. ಇವಳು ಕತ್ತರಿ ಆಡಿಸುತ್ತಲೇ ಬಾಯಿ ತೆರೆಯುವಳು. ಹೊಸ ವಕೀಲರೆಲ್ಲ ಕೋಟಿಗೆ ಮುಗಿಬೀಳುವ ಕಾಲ ಅದು. ಕಟಿಂಗ್ ಮೇಜಿನ ಮೇಲೆ ಬಟ್ಟೆ ರಾಶಿ ಬಿದ್ದಿತ್ತು. ಆಸ್ಪತ್ರೆಗೆ ಆಮೇಲೆ ಹೋದರಾಯಿತು ಎಂದು ಎರಡು ಸಲ ಅವಳೇ ತಪ್ಪಿಸಿದಳು, ನಾವೂ ಹೂಂ ಎಂದೆವು.

ಏಳನೇ ತಿಂಗಳಲ್ಲಿ ಕಡೆಗೂ ಕರೆದುಕೊಂಡು ಹೋದೆ. ತಕ್ಕಡಿ ಹತ್ತಿ ಇಳಿದಳು. ನರ್ಸು ಇನ್ನೊಂದು ಸಲ ಹತ್ತಿ ಎಂದಳು. ಡಾಕ್ಟರು ಗಂಭೀರ ಹೆಂಗಸು, ಮಾತು ಅಳೆದು ಆಡುವವರು. ಅಷ್ಟು ಹೊತ್ತಿಗೆ ಏರಬೇಕಾದ್ದರ ಹೆಚ್ಚುಕಮ್ಮಿ ಎರಡರಷ್ಟು ತೂಕ ಏರಿದೆ ಎಂದರು. ರಕ್ತದೊತ್ತಡ ಗೆರೆಯ ಅಂಚಿಗೆ ಬಂದಿದೆ, ಸಕ್ಕರೆಯೂ ಅಷ್ಟೆ, ಇದು ಹೀಗೇ ಹೋದರೆ ಹೆರಿಗೆ ಕಷ್ಟವಾದೀತು, ತಾಯಿಗೂ ಮಗುವಿಗೂ ಅಪಾಯ ಎಂದರು. ಆಮೇಲೆ ಅವಳ ಕೆಲಸ ಏನೆಂದು ಕೇಳಿದರು. ಕಟಿಂಗ್ ಮಾಡ್ತೀನಿ, ಮಾವನ ಅಂಗಡೀಲಿ ಎಂದಳು. ಡಾಕ್ಟರು ನನ್ನ ಕೊರಳಲ್ಲಿದ್ದ ಅಳತೆ ಟೇಪನ್ನು ನೋಡಿದರು. ಅವಸರದಲ್ಲಿ ತೆಗೆಯುವುದು ಮರೆತು ಬಂದಿದ್ದೆ.

‘ಟೈಲರ ಮನೇಲಿ ಯಾರಿಗೂ ಗೊತ್ತಾಗ್ಲಿಲ್ವಾ?’

‘ಕೋಟು ಬಿಗಿ ಆಗ್ಲಿಲ್ಲ ಡಾಕ್ಟ್ರೇ,’ ಎಂದಳು ನಿನ್ನ ಹೆಂಡತಿ. ಹಾಗೆ ಹೇಳಿದವಳು ಅಲ್ಲೇ ತಡೆದು ನನ್ನ ಮುಖ ನೋಡಿದಳು. ನಾನು ಕಿಟಕಿ ನೋಡಿದೆ.

ಅಂಗಡಿಗೆ ಬಂದವಳೇ ಬೂದು ಬಣ್ಣದ ತನ್ನ ಕೆಲಸದ ಕೋಟನ್ನು, ನೂಲು ಮೈಗೆ ಅಂಟದ ಹಾಗೆ ನಾವೆಲ್ಲ ಹಾಕಿಕೊಳ್ಳುತ್ತೇವಲ್ಲ ಅದನ್ನು, ಕಳಚಿ, ಒಳಗನ್ನು ಹೊರಗೆ ಮಾಡಿ ಕಟಿಂಗ್ ಮೇಜಿನ ಮೇಲೆ ಹರಡಿದಳು. ಎಲ್ಲರನ್ನೂ ಕರೆದಳು. ಮೆಷಿನ್ನುಗಳು ಒಂದೊಂದಾಗಿ ನಿಂತವು.

ಗುಂಡಿಗಳ ಮೇಲೆ ಬೆರಳಿಟ್ಟು, ‘ಇದು ಗುಂಡಿಯಕ್ಕನ ಕೈ,’ ಎಂದಳು. ‘ಒಂದು ಸಲ ಅಲ್ಲ, ಮೂರು ಸಲ ಸರಿಸಿದಾಳೆ, ಹಳೇ ತೂತು ಇಲ್ಲಿವೆ ನೋಡಿ.’ ತೋಳಿನ ಬುಡ ತೋರಿಸಿದಳು. ‘ಈ ಹೊಲಿಗೆ ಓಡಿರೋ ರೀತಿ ನೋಡಿದ್ರೆ ಹೊಲಿಯೋಕೆ ಬಾರದವರು ಹೊಲಿದಿದಾರೆ. ಇಸ್ತ್ರಿಯಣ್ಣ.’ ಇಸ್ತ್ರಿಯಣ್ಣ ಇಸ್ತ್ರಿಪೆಟ್ಟಿಗೆ ಕೆಳಗಿಡಲೂ ಮರೆತು ನಿಂತಿದ್ದ. ಕೊನೆಗೆ ಪಕ್ಕದ ಹೊಲಿಗೆಗೆ ಬಂದಳು. ಅದು ಸಣ್ಣ, ನೇರ, ಒಂದೇ ಸಮನಾದ ಹೊಲಿಗೆ. ಅದರ ಮೇಲೆ ಬೆರಳು ಎಳೆದಳೇ ಹೊರತು ಹೆಸರು ಹೇಳಲಿಲ್ಲ. ಹೇಳುವ ಅಗತ್ಯ ಇರಲಿಲ್ಲ.

ಒಬ್ಬರು ಬಿಚ್ಚಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಕೂಸು ಹೊತ್ತವಳಿಗೆ ಬಟ್ಟೆ ಬಿಗಿಯಾಗಿ ಮನಸ್ಸಿಗೆ ಬೇಸರ ಆಗಬಾರದು ಎಂದು ಮೂವರೂ ಬೇರೆ ಬೇರೆ ದಿನ, ಅವಳು ಊಟಕ್ಕೆ ಹೋದಾಗ, ಕಳ್ಳರ ಹಾಗೆ ಅದೇ ಕೋಟನ್ನು ಸಡಿಲಿಸಿದ್ದೆವು. ಇದ್ದ ಬಟ್ಟೆಯೆಲ್ಲ ಮುಗಿದು, ಅಂಚಿನಲ್ಲಿ ಒಂದು ಎಳೆ ಮಾತ್ರ ಉಳಿದಿತ್ತು.

‘ಜಡ್ಜು ಸಾಹೇಬರಿಗೆ ಮಾಡಿದ್ದನ್ನೇ ನನಗೂ ಮಾಡಿದ್ರಿ,’ ಎಂದಳು. ಅಷ್ಟು ಹೇಳಿ ನಕ್ಕುಬಿಟ್ಟಳು. ಅವಳು ನಕ್ಕ ಮೇಲೆ ನಾವೂ ನಕ್ಕೆವು. ಗುಂಡಿಯಕ್ಕ ನಗುತ್ತಾ ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅವತ್ತು ಅಷ್ಟು ನಕ್ಕವಳು ಆ ವಾರ ಮುಗಿಯುವುದರೊಳಗೆ ಬೇರೆಯೇ ಆಗಿಹೋದಳು. ತಟ್ಟೆಯಲ್ಲಿ ಹಾಕಿದ್ದು ಹಾಗೇ ಇರುತ್ತಿತ್ತು. ಹಸಿವಿಲ್ಲ ಮಾವ, ಆಗಲೇ ತಿಂದೆ ಮಾವ, ಹೀಗೆ ಏನೋ ಒಂದು. ಡಾಕ್ಟರ ಮಾತಿಗೆ ಹೆದರಿದ್ದಾಳೆ ಎಂದು ನಾವೆಲ್ಲ ತಿಳಿದೆವು. ಸ್ವಲ್ಪ ಹೆದರಿದರೆ ಒಳ್ಳೆಯದೇ ಎಂದು ಇಸ್ತ್ರಿಯಣ್ಣ ಹೇಳಿದ್ದಕ್ಕೆ ನಾನು ತಲೆಯಾಡಿಸಿದ್ದೂ ಉಂಟು. ಒಂದು ಬೆಳಿಗ್ಗೆ ಮೇಜಿನ ಮುಂದೆ ನಿಂತು ನಿಲುವಂಗಿಗೆ ಬಟ್ಟೆ ಕತ್ತರಿಸುತ್ತಿದ್ದವಳು ಕತ್ತರಿಯನ್ನು ಕೈಯಿಂದ ಮೆಲ್ಲನೆ ಬಿಟ್ಟು, ಮೇಜಿನ ಅಂಚು ಹಿಡಿದುಕೊಂಡು, ಹಾಗೇ ಕುಸಿದಳು. ಗುಂಡಿಯಕ್ಕ ಹಿಂದೆಯೇ ಇದ್ದಳು, ತೊಡೆಯ ಮೇಲೆ ಬೀಳಿಸಿಕೊಂಡಳು. ಪೆಟ್ಟಾಗಲಿಲ್ಲ. ಆದರೆ ಆ ಕತ್ತರಿ ನೆಲಕ್ಕೆ ಬಿದ್ದ ಸದ್ದು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ಮತ್ತೆ ಅದೇ ಆಸ್ಪತ್ರೆ. ಈ ಸಲ ಡಾಕ್ಟರು ನಿಜವಾಗಿ ಸಿಟ್ಟಾದರು. ತೂಕ ಇಳಿಸಲು ಹೇಳಿದವರು ಯಾರು, ಬಸುರಿನಲ್ಲಿ ಇಳಿಸುವ ಮಾತೇ ಇಲ್ಲ, ಏರುವುದು ನಿಧಾನವಾಗಬೇಕು ಅಷ್ಟೆ ಎಂದರು. ಊಟದ ವಿಷಯ ನೋಡುವ ಇನ್ನೊಬ್ಬ ಮೇಡಂ ಹತ್ತಿರ ಕಳಿಸಿದರು. ಆಕೆ ಚಿಕ್ಕ ವಯಸ್ಸಿನವಳು, ಆದರೆ ಪಾಠ ಹೇಳಿದ ಹಾಗೆ ಹೇಳಲಿಲ್ಲ, ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದಳು. ಇಬ್ಬರ ಊಟ ಬೇಡ, ಒಬ್ಬರ ಊಟವನ್ನೇ ಸರಿಯಾಗಿ ಮಾಡಿ. ಒಂದೇ ಸಲ ತುಂಬಿಕೊಳ್ಳದೆ ಸ್ವಲ್ಪ ಸ್ವಲ್ಪವಾಗಿ ತಿನ್ನಿ. ಸಕ್ಕರೆ ಸುರಿದ ಹಾಲು, ಬನ್ನು, ಕರಿದದ್ದು ನಿಲ್ಲಲಿ, ತರಕಾರಿ, ಕಾಳು, ಹಣ್ಣು ಇರಲಿ. ದಿನಾ ನಡೆಯಿರಿ, ಆಯಾಸವಾದರೆ ಕೂತುಕೊಳ್ಳಿ. ಹಸಿದುಕೊಂಡಿದ್ದರೆ ಮಗುವಿಗೆ ನಷ್ಟ. ಇಷ್ಟೇ. ಸೊಸೆ ಕೇಳಿಸಿಕೊಂಡು ಒಂದೇ ಒಂದು ಪ್ರಶ್ನೆ ಕೇಳಿದಳು: ಇಷ್ಟು ಮಾಡಿದರೆ ಮಗು ಚೆನ್ನಾಗಿರುತ್ತಾ? ಆಕೆ ಹೌದು ಎಂದು ಮಾತು ಕೊಡಲಿಲ್ಲ. ನಿಮ್ಮ ಕೈಯಲ್ಲಿರುವುದನ್ನೆಲ್ಲ ಮಾಡಿದ ಹಾಗಾಗುತ್ತದೆ, ಉಳಿದದ್ದನ್ನು ನಾವು ನೋಡಿಕೊಳ್ಳುತ್ತೇವೆ ಎಂದಳು. ಆ ಉತ್ತರ ನನಗೆ ಹಿಡಿಸಿತು. ಅಳತೆ ತೆಗೆಯುವವರು ಹಾಗೇ ಮಾತಾಡಬೇಕು.

ಇನ್ನು ಮುಂದಿನದನ್ನು ನೀನು ಗಮನವಿಟ್ಟು ಓದಬೇಕು, ಯಾಕೆಂದರೆ ನಾನು ಬರೆಯಲು ಕುಳಿತದ್ದೇ ಇದಕ್ಕೆ.

ಮರುದಿನ ಅವಳು ಹಳೆಯ ಕೋಟನ್ನು ಮೊಳೆಗೆ ತೂಗುಹಾಕಿ, ಅದೇ ಬೂದು ಬಟ್ಟೆಯಲ್ಲಿ ತನಗೊಂದು ಹೊಸ ಕೋಟು ಕತ್ತರಿಸಿಕೊಂಡಳು. ನಾನು ಎದುರಿಗೆ ನಿಂತು ನೋಡಿದೆ. ನಲವತ್ತು ವರ್ಷ ಕತ್ತರಿ ಹಿಡಿದವನು ಹೇಳುತ್ತೇನೆ, ಅಂಥ ಕಟಿಂಗ್ ನಾನು ನೋಡಿರಲಿಲ್ಲ. ಭುಜ, ತೋಳು, ಬೆನ್ನು, ಎಲ್ಲ ಮೈಗೆ ಸರಿಯಾಗಿ. ಹೊಟ್ಟೆಯ ಮುಂದೆ ಮಾತ್ರ ಮಡಿಕೆಗಳನ್ನು ಕೂಡಿಸಿದ್ದಳು, ಮಗು ಬೆಳೆದ ಹಾಗೆ ಒಂದೊಂದೇ ಮಡಿಕೆ ಬಿಡಿಸಬಹುದು. ಒಳಗೆ ಕೈಯಾಡಿಸಿ ನೋಡಿದೆ. ಪಕ್ಕದ ಹೊಲಿಗೆಯಲ್ಲಿ ಹೆಚ್ಚಿನ ಬಟ್ಟೆಯೇ ಇಲ್ಲ. ಇದೇನು, ಒಳಗೆ ಏನೂ ಬಿಟ್ಟಿಲ್ಲವಲ್ಲ ಎಂದೆ. ನಮ್ಮ ಕಸುಬಿನಲ್ಲಿ ಅದು ತಪ್ಪು.

‘ಮಗೂಗೆ ಎಷ್ಟು ಬೇಕೋ ಅಷ್ಟು ಬಿಟ್ಟಿದೀನಿ ಮಾವ. ನನಗೆ ಬಿಟ್ಟಿಲ್ಲ.’

ಕಾಲರಿನ ಒಳಗೆ, ಅಂಗಡಿಯ ಪಟ್ಟಿ ಹಚ್ಚುವ ಜಾಗದಲ್ಲಿ, ಕೆಂಪು ದಾರದಲ್ಲಿ ಒಂದು ಸಾಲು ಹೊಲಿದಿದ್ದಳು: ‘ಬಿಚ್ಚಿದವರ ಬೆರಳು ಹುಷಾರು.’ ಗುಂಡಿಯಕ್ಕ ಕನ್ನಡಕ ಹಾಕಿಕೊಂಡು ಅದನ್ನು ಓದಿ, ಇದು ಯಾರಿಗೆ ಬರೆದದ್ದೋ ಎಂದು ಏನೂ ತಿಳಿಯದವಳ ಹಾಗೆ ಕೇಳಿದಳು. ‘ಗುಂಡಿಯಕ್ಕ ಅಂತ ಬರೆಯೋಕೆ ಜಾಗ ಸಾಕಾಗ್ಲಿಲ್ಲ,’ ಎಂದಳು ಇವಳು.

ತಿಂಡಿ ತರುವವರನ್ನು ಹೇಗೆ ತಡೆದಳು ಎಂದು ಕೇಳು. ತಡೆಯಲಿಲ್ಲ. ಬರಿಗೈಯಲ್ಲಿ ಬಂದರೆ ನನಗೆ ಬೇಜಾರು, ಆದರೆ ಕೈಯಲ್ಲಿ ಸೌತೆಕಾಯೋ ಹಣ್ಣೋ ಇರಲಿ ಎಂದಳು. ಇಸ್ತ್ರಿಯಣ್ಣ ದಿನಾ ಬೇಕರಿ ದಾಟಿ ತರಕಾರಿ ಅಂಗಡಿಯ ತನಕ ನಡೆಯಬೇಕಾಯಿತು. ಇಷ್ಟು ವರ್ಷ ಇಸ್ತ್ರಿ ಹಿಡಿದ ಕೈಗೆ ಈ ಹುಡುಗಿ ಸೌತೆಕಾಯಿ ಹಿಡಿಸಿದಳು ಎಂದು ಬಂದವರ ಹತ್ತಿರವೆಲ್ಲ ದೂರುತ್ತಾನೆ. ಆದರೆ ಬೆಲ್ಟಿನ ತೂತು ಒಂದು ಹಿಂದಕ್ಕೆ ಹೋಗಿದ್ದನ್ನು ದಿನಕ್ಕೊಂದು ಸಲ ನಮಗೆ ತೋರಿಸದೆ ಬಿಡುವುದಿಲ್ಲ. ನನ್ನ ಹಾಲಿನ ಲೋಟವನ್ನು ಅವಳು ಬೇಡ ಎನ್ನಲಿಲ್ಲ. ಸಕ್ಕರೆ ಡಬ್ಬಿಯನ್ನು ನನ್ನ ಕೈಗೆ ಎಟುಕದ ಕಡೆ ಇಟ್ಟಳು. ನಾನು ಸ್ಟೂಲು ಹತ್ತುವ ವಯಸ್ಸಿನವನಲ್ಲ ಎಂದು ಅವಳಿಗೆ ಗೊತ್ತು.

ಮಧ್ಯಾಹ್ನ ಊಟವಾದ ಮೇಲೆ ನಡೆಯಲು ಹೊರಟಳು. ಒಬ್ಬಳೇ ಕಳಿಸುವುದು ಹೇಗೆ ಎಂದು ಗುಂಡಿಯಕ್ಕ ಹಿಂದೆ ಹೋದಳು. ಅವಳಿಗೆ ಮಂಡಿ ನೋವು, ದಾರಿಯಲ್ಲಿ ಕುಳಿತುಬಿಟ್ಟರೆ ಎಂದು ಇಸ್ತ್ರಿಯಣ್ಣ ಹೊರಟ. ಎಲ್ಲರೂ ಹೋದ ಮೇಲೆ ಅಂಗಡಿಯಲ್ಲಿ ನಾನೊಬ್ಬನೇ ಏನು ಮಾಡಲಿ. ಮೆಷಿನ್ನಿನ ಹುಡುಗಿಯರೂ ಸೇರಿದರು. ಬೂದು ಕೋಟಿನ ಇಷ್ಟು ಜನ ಸಾಲಾಗಿ ಬೀದಿಯಲ್ಲಿ, ಮುಂದೆ ಬಸುರಿ ಹೆಂಗಸು. ಮೊದಲ ದಿನ ನ್ಯಾಯಾಲಯದ ಮೂಲೆಯ ಪೊಲೀಸಿನವನು ಬಂದು ಯಾವ ಮುಷ್ಕರ, ಬೇಡಿಕೆ ಏನು ಎಂದು ಮರ್ಯಾದೆಯಾಗಿಯೇ ವಿಚಾರಿಸಿದ. ‘ಸುಲಭವಾದ ಹೆರಿಗೆ,’ ಎಂದಳು ಇವಳು. ಅವನು ದಾರಿ ಬಿಟ್ಟ. ಈಗ ನಮ್ಮನ್ನು ಕಂಡರೆ ಬೇಡಿಕೆ ಎಲ್ಲಿಗೆ ಬಂತು ಎಂದು ಕೇಳುತ್ತಾನೆ.

ಮುಂದಿನ ಸಲ ತಕ್ಕಡಿ ಹತ್ತಿದಾಗ ಏರಿಕೆ ಎಷ್ಟಿರಬೇಕೋ ಅಷ್ಟೇ ಇತ್ತು. ಅದರ ಮುಂದಿನ ಸಲವೂ ಹಾಗೇ. ಸಕ್ಕರೆ ಹಿಡಿತಕ್ಕೆ ಬಂತು. ಡಾಕ್ಟರು ಏನೂ ಹೊಗಳಲಿಲ್ಲ. ಪೆನ್ನು ಕೆಳಗಿಟ್ಟು, ತಕ್ಕಡಿ ಹತ್ತಲು ಕಳಚಿಟ್ಟ ಕೋಟಿನ ಕಾಲರು ಓದಿ, ನಕ್ಕು, ಮತ್ತೆ ಪೆನ್ನು ತೆಗೆದುಕೊಂಡರು.

(ಇಲ್ಲಿಗೆ ಬರೆದು ನಿಲ್ಲಿಸಿದ್ದೆ. ನಿಲುವಂಗಿಯ ಟ್ರಯಲಿಗೆ ಒಬ್ಬರು ಬಂದರು. ಈಗ ಸಂಜೆ. ಅವಳು ಒಳಮನೆಯಲ್ಲಿ ಮಲಗಿದ್ದಾಳೆ, ಎಡ ಮಗ್ಗುಲಿಗೆ, ಡಾಕ್ಟರು ಹೇಳಿದ ಹಾಗೆ.)

ಎಲ್ಲ ಇಷ್ಟು ಸಲೀಸಾಗಿದ್ದರೆ ನಾನು ಕಳೆದ ವಾರವೇ ಬರೆಯುತ್ತಿದ್ದೆ. ಹೋದ ವಾರದ ಸೋಮವಾರ ಬೆಳಿಗ್ಗೆ ಅಂಗಡಿ ತೆರೆದು, ಕೋಟು ತೊಡಲು ಹೋದವಳು ತೋಳಿನಲ್ಲಿ ಕೈ ತೂರಿಸಲು ಎಳೆದಾಡಿದಳು. ಶನಿವಾರ ಸರಿಯಾಗಿದ್ದ ತೋಳು ಮಣಿಕಟ್ಟಿನ ಹತ್ತಿರ ಕಚ್ಚಿ ಹಿಡಿದಿತ್ತು. ಗುಂಡಿಯಕ್ಕ ನೋಡಿದಳು. ಪಾಪ, ಅವಳ ತಲೆ ಯೋಚಿಸುವ ಮೊದಲೇ ಕೈ ಕೆಲಸ ಮಾಡುತ್ತದೆ. ಪುಟ್ಟ ಕತ್ತರಿ ಹಿಡಿದು, ತಾ ಮಗಳೇ, ಅಂಚು ಒಂಚೂರು ಬಿಚ್ಚಿಕೊಡುತ್ತೇನೆ ಎಂದು ಹತ್ತಿರ ಬಂದೇಬಿಟ್ಟಳು.

‘ಅಕ್ಕ, ಕೈ ತೆಗಿ,’ ಎಂದಳು ಇವಳು. ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾವು ಕೇಳಿರಲಿಲ್ಲ. ‘ತಪ್ಪು ಬಟ್ಟೇದಲ್ಲ. ಎರಡು ದಿನಕ್ಕೆ ಯಾರೂ ಇಷ್ಟು ದಪ್ಪ ಆಗಲ್ಲ.’

ಕೈ ಬೆಳಕಿಗೆ ಹಿಡಿದು ನೋಡಿಕೊಂಡಳು. ಬೆರಳು ಊದಿದ್ದವು. ನನ್ನ ಕಡೆ ತಿರುಗಿ, ಮುಖ ಊದಿದೆಯಾ ಹೇಳಿ ಮಾವ, ಸುಳ್ಳು ಹೇಳಬೇಡಿ ಎಂದಳು. ಆ ಗಳಿಗೆಯಲ್ಲಿ ನನ್ನ ಬಾಯಿಗೆ ಬಂದದ್ದು ಅಂಗಡಿಯ ಹಳೆಯ ಮಾತು, ಏನಿಲ್ಲ, ಎಲ್ಲ ಸರಿಯಾಗಿದೆ ಎಂಬುದು. ಅದನ್ನು ನುಂಗಿಕೊಂಡು ಹೌದು ಎಂದೆ. ಊದಿತ್ತು. ತಲೆನೋವೂ ಇದೆ ಎಂದಳು. ಕೋಟು ಕಳಚದೆ ಹಾಗೇ ಹೊರಟೆವು.

ಒತ್ತಡ ವಿಪರೀತ ಏರಿತ್ತು. ಮೈಯಲ್ಲಿ ನೀರು ತುಂಬಿತ್ತು. ಇದು ಊಟದಿಂದ ಆದದ್ದಲ್ಲ, ನೀವು ಏನೂ ತಪ್ಪು ಮಾಡಿಲ್ಲ, ಎಷ್ಟು ಎಚ್ಚರವಿದ್ದರೂ ಕೆಲವರಿಗೆ ಹೀಗಾಗುತ್ತದೆ ಎಂದು ಡಾಕ್ಟರು ಅವಳಿಗೆ ಎರಡೆರಡು ಸಲ ಹೇಳಿದರು. ಆಮೇಲೆ ನನ್ನನ್ನು ಹೊರಗೆ ಕರೆದು ಇನ್ನೂ ಎರಡು ದಿನ ತಡವಾಗಿದ್ದರೆ ಏನಾಗುತ್ತಿತ್ತು ಎಂಬುದನ್ನೂ ಹೇಳಿದರು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಹಳೆಯ ಕೋಟು ಅವಳ ಮೈಮೇಲಿದ್ದಿದ್ದರೆ ಆ ಬೆಳಿಗ್ಗೆ ನಮ್ಮಲ್ಲಿ ಯಾರಾದರೂ ಒಬ್ಬರು ಪ್ರೀತಿಯಿಂದ ತೋಳು ಬಿಚ್ಚಿ ಸಡಿಲಿಸಿಬಿಟ್ಟಿರುತ್ತಿದ್ದೆವು. ಅವಳು ಕೆಲಸಕ್ಕೆ ನಿಲ್ಲುತ್ತಿದ್ದಳು. ಇಷ್ಟು ಸಾಕು.

ಹತ್ತು ದಿನ ಆಸ್ಪತ್ರೆಯಲ್ಲಿಟ್ಟುಕೊಂಡರು. ಮಾತ್ರೆ ಕೊಟ್ಟರು, ಮಗುವಿನ ಎದೆಬಡಿತ ಕೇಳಿಸಿದರು. ನಾನೂ ಕೇಳಿದೆ. ನಮ್ಮ ಓವರ್‌ಲಾಕ್ ಮೆಷಿನ್ನು ಚೆನ್ನಾಗಿ ಎಣ್ಣೆ ಬಿಟ್ಟಾಗ ಓಡುತ್ತದಲ್ಲ, ಹಾಗೆ. ನಿನ್ನೆ ಮನೆಗೆ ಕಳಿಸಿದರು. ಒತ್ತಡ ಹಿಡಿತದಲ್ಲಿದೆ. ಒಂದು ದಿನ ಬಿಟ್ಟು ಒಂದು ದಿನ ಹೋಗಿ ತೋರಿಸಬೇಕು, ಕೆಲಸ ಬಂದ್. ಮತ್ತೆ ಏರಿದರೆ ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಬೇಕಾದೀತು, ಮಗು ಅದಕ್ಕೆ ಸಾಕಷ್ಟು ಬೆಳೆದಿದೆ, ಹೆದರಬೇಡಿ ಎಂದಿದ್ದಾರೆ. ಹಾಗಾಗಿ ನಿನ್ನ ರಜೆ ಎಷ್ಟು ಬೇಗ ಸಿಗುತ್ತದೋ ಅಷ್ಟು ಬೇಗ ಬಾ. ಕ್ಯಾಪ್ಟನ್ನಿಗೆ ತೋರಿಸಲು ಡಾಕ್ಟರ ಚೀಟಿ ಇದರ ಜೊತೆಗಿಟ್ಟಿದ್ದೇನೆ.

ಹೆಮ್ಮೆ ಎಂಬ ಮಾತು ನನ್ನ ಬಾಯಲ್ಲಿ ಬರುವುದು ಕಡಿಮೆ. ನೀನು ಎಂಜಿನ್ ಪರೀಕ್ಷೆ ಪಾಸಾದಾಗಲೂ ಪ್ಯಾಂಟು ಹೊಲಿದುಕೊಟ್ಟೆನೇ ಹೊರತು ಏನೂ ಹೇಳಲಿಲ್ಲ ಎಂದು ನಿನ್ನ ಅಮ್ಮ ಬೈದಿದ್ದಳು. ಈಗ ಬರೆಯುತ್ತೇನೆ. ನಿನ್ನ ಹೆಂಡತಿಯ ಬಗ್ಗೆ ನನಗೆ ಹೆಮ್ಮೆ. ನಾವೆಲ್ಲ ಸೇರಿ ಅವಳನ್ನು ಪ್ರೀತಿಯಲ್ಲಿ ಮುಳುಗಿಸಿದ್ದೆವು. ಯಾರ ಮನಸ್ಸನ್ನೂ ನೋಯಿಸದೆ ಅವಳು ಅದರಿಂದ ತಾನೇ ಈಜಿ ಬಂದಳು. ಬರುವಾಗ ನಮ್ಮನ್ನೂ ಎಳೆದುಕೊಂಡು ಬಂದಳು. ಮೊನ್ನೆ ದೊಡ್ಡ ನ್ಯಾಯಾಧೀಶರು ಕೋಟು ಇಸ್ತ್ರಿಗೆ ಕೊಡಲು ಬಂದಿದ್ದರು. ನಾನು ಟೇಪು ತೆಗೆದು, ಸ್ವಾಮಿ, ಒಂದು ಸಲ ಸೊಂಟ ಅಳೆಯೋಣವೇ ಎಂದೆ. ಅವರು ಬೆಚ್ಚಿಬಿದ್ದರು. ಅಳತೆ ಹೇಳಿದೆ. ಇದಕ್ಕೆ ಮೇಲ್ಮನವಿ ಉಂಟೇ ಎಂದು ಕೇಳಿದರು. ಮಧ್ಯಾಹ್ನ ನಾವು ನಡೆಯಲು ಹೋಗುತ್ತೇವೆ, ಬನ್ನಿ ಎಂದೆ.

ಸೊಸೆ ಮಲಗಿದ್ದರೂ ನಡಿಗೆ ನಿಂತಿಲ್ಲ. ಇವತ್ತು ಅವಳು ಒಳಗಿನಿಂದಲೇ, ಹೊರಟಿರಾ ಎಂದು ಕೇಳಿದಳು.

ಗುಂಡಿಯಕ್ಕ, ಇಸ್ತ್ರಿಯಣ್ಣ ನಿನ್ನನ್ನು ಕೇಳಿದ್ದಾರೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಎಂಜಿನ್ ಕೋಣೆಯ ಬಿಸಿಯಲ್ಲಿ ನೀರು ಕುಡಿಯುವುದು ಮರೆಯಬೇಡ. ನೀನು ಹಿಡಿದ ಕೆಲಸವೆಲ್ಲ ಚೆನ್ನಾಗಿ ಆಗಲಿ, ಮೂವರೂ ಒಂದೇ ಸೂರಿನ ಕೆಳಗೆ ಸುಖವಾಗಿರಿ ಎಂದು ಹರಸುವ,

ನಿನ್ನ ಅಪ್ಪ

ಮರೆತೆ ಎಂದುಕೊಳ್ಳಬೇಡ, ಮರೆತಿಲ್ಲ. ಫೋಟೊ ವಿಷಯ.

ಆ ವಾರ ಅವಳು ಊಟ ಬಿಟ್ಟಿದ್ದು ಡಾಕ್ಟರಿಗೆ ಹೆದರಿ ಎಂದು ಮೇಲೆ ಬರೆದೆ. ನಾವು ಹಾಗೆ ತಿಳಿದದ್ದು ನಿಜ, ಆದರೆ ಅದು ಸರಿಯಲ್ಲ. ಮೊನ್ನೆ ಆಸ್ಪತ್ರೆಯ ಹಾಸಿಗೆಯಲ್ಲಿ ಅವಳೇ ಹೇಳಿದಳು. ಡಾಕ್ಟರ ಹತ್ತಿರ ಹೋಗಿಬಂದ ದಿನ, ಅಷ್ಟೆಲ್ಲ ನಕ್ಕ ಮೇಲೆ, ಅಂಗಡಿಯ ಬಾಗಿಲಲ್ಲಿ ನಿಂತು ಒಂದು ಫೋಟೊ ತೆಗೆಸಿ ನಿನಗೆ ಕಳಿಸಿದ್ದಳಂತೆ. ನೀನು ಉತ್ತರ ಬರೆದೆ: ‘ಹಿಂದೆ ಬಾಗಿಲೇ ಕಾಣಿಸ್ತಿಲ್ಲ, ಅಂಗಡಿ ಮುಚ್ಚಿದ್ರಾ? ಇಲ್ಲಿ ಎಲ್ಲರಿಗೂ ತೋರಿಸಿದೆ, ನಕ್ಕೂ ನಕ್ಕೂ ಸುಸ್ತಾದ್ರು.’ ತಮಾಷೆಗೆ ಬರೆದೆ, ಗೊತ್ತು. ನೀನು ಚಿಕ್ಕಂದಿನಿಂದ ಹಾಗೇ. ಅವಳೂ ಉತ್ತರಕ್ಕೆ ನಗುವ ಮುಖ ಕಳಿಸಿದಳಂತೆ. ಆಮೇಲೆ ತಟ್ಟೆ ಪಕ್ಕಕ್ಕೆ ಸರಿಸಿದಳು. ‘ತಕ್ಕಡಿ ಹೇಳಿದ್ದನ್ನ ತಡ್ಕೊಂಡೆ ಮಾವ,’ ಎಂದಳು. ‘ಅವರ ಸ್ನೇಹಿತರೆಲ್ಲ ಸುತ್ತ ನಿಂತು ನೋಡಿದ್ದನ್ನ ತಡ್ಕೊಳ್ಳೋಕೆ ಆಗ್ಲಿಲ್ಲ.’

ಇದನ್ನು ಬರೆಯಲೇ ಎಂದು ಕೇಳಿದೆ. ಬರೆಯಿರಿ, ಬೈಯಬೇಡಿ ಎಂದಳು. ಬೈದಿಲ್ಲ. ಬಂದಾಗ ಬಾಗಿಲಲ್ಲಿ ಅವಳನ್ನು ಕಂಡ ತಕ್ಷಣ ಏನು ಹೇಳಬೇಕು ಎಂಬುದನ್ನು ಮಾತ್ರ ದಾರಿಯಲ್ಲೇ ಯೋಚಿಸಿಕೊಂಡು ಬಾ.

ಇದರ ಜೊತೆ ಒಂದು ಫೋಟೊ ಇದೆ. ನಿನ್ನೆ ಆಸ್ಪತ್ರೆಯಿಂದ ಬಂದವಳು ಒಳಗೆ ಹೋಗುವ ಮೊದಲು ಅದೇ ಜಾಗದಲ್ಲಿ, ಅದೇ ಬಾಗಿಲಿಗೆ ಅಡ್ಡವಾಗಿ ನಿಂತು ಇಸ್ತ್ರಿಯಣ್ಣನ ಕೈಲಿ ತೆಗೆಸಿದ್ದು. ಹೊಸ ಕೋಟು, ಮಡಿಕೆ ಎಲ್ಲ ಬಿಡಿಸಿದೆ. ಬೇರೆಯವರಿಗೆ ತೋರಿಸುವ ಮೊದಲು ಅವಳನ್ನು ಕೇಳು. ಹಿಂಬದಿಯಲ್ಲಿ ಅವಳೇ ಪೆನ್ಸಿಲಿನಲ್ಲಿ ಬರೆದಿದ್ದಾಳೆ, ಅಳಿಸಿಹೋದರೆ ಎಂದು ಇಲ್ಲೂ ಬರೆದಿಡುತ್ತೇನೆ:

‘ಬಾಗಿಲು ಈಗಲೂ ಕಾಣಿಸಲ್ಲ. ಅಂಗಡಿ ತೆರೆದಿದೆ.’